ಕಾರ್ಡು ಹಂಚಿದರೆ ಸರ್ಕಾರದ ಹೊಣೆ ಮುಗಿಯದು

2047ರೊಳಗೆ ಸಿಕಲ್ ಸೆಲ್ ರಕ್ತಹೀನತೆಯನ್ನು ನಿರ್ಮೂಲ ಮಾಡುವ ಗುರಿಯೊಡನೆ ಕೇಂದ್ರ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿದ್ದು, ಕರ್ನಾಟಕವೂ ಅದರ ವ್ಯಾಪ್ತಿಯಲ್ಲಿದೆ. ಬುಡಕಟ್ಟು ಪ್ರದೇಶಗಳಲ್ಲಿ ನಲವತ್ತು ವರ್ಷದೊಳಗಿನವರ ರಕ್ತ ಪರೀಕ್ಷಿಸಿ ಕಾರ್ಡು ಕೊಡುವುದು, ವಾಹಕರಿಬ್ಬರು ಪರಸ್ಪರ ಮದುವೆಯಾಗದಂತೆ ತಿಳಿಹೇಳುವುದು ಇದರ ಮುಖ್ಯ ಮಾರ್ಗ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳ, ಅಂದರೆ ಬುಡಕಟ್ಟು ಜನರ ವಸತಿಗಳ, ಮಟ್ಟಿಗೆ ಈ ಮಾರ್ಗ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಾಕಾರಕ್ಕೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತವೆ. ದೋಷವಿರುವ ವಂಶವಾಹಿ ಒಬ್ಬ ಪೋಷಕರಿಂದ ಮಾತ್ರ ಬಂದಿದ್ದರೆ ವ್ಯಕ್ತಿ ಸಾಮಾನ್ಯವಾಗಿ ಆರೋಗ್ಯವಂತ ವಾಹಕನಾಗಿರುತ್ತಾನೆ. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ, ಪ್ರತಿಯೊಂದು ಗರ್ಭದಲ್ಲಿ ಮಗುವಿಗೆ ರೋಗ ಬರುವ ಸಂಭವ ಶೇ 25.

ಜಾತಕದಂತೆ ಕಾರ್ಡು ಕೂಡಿಸಿ ನೋಡಿ ಮದುವೆ ನಿಶ್ಚಯಿಸಬೇಕೆಂಬ ಸಲಹೆ ಹಾಡಿಯ ಬದುಕನ್ನು ಅರಿತದ್ದಲ್ಲ. ಇಲ್ಲಿನ ಜೇನುಕುರುಬ ಬುಡಕಟ್ಟಿನವರಲ್ಲಿ ಹುಡುಗ ಹುಡುಗಿ ತಾವೇ ಹೊರಟುಹೋಗಿ ಆಮೇಲೆ ಹಿರಿಯರ ಒಪ್ಪಿಗೆ ಪಡೆಯುವ ರೂಢಿಯಿದೆ. ಕೂಲಿಗಾಗಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋಗುವ ದಂಪತಿಗೆ ಬಸಿರು ತಿಳಿಯುವಾಗಲೇ ತಿಂಗಳುಗಳು ಕಳೆದಿರಬಹುದು. ಸೈಪ್ರಸ್ ದ್ವೀಪದಲ್ಲಿ ಥಲಸ್ಸೀಮಿಯಾ ಎಂಬ ಮತ್ತೊಂದು ಆನುವಂಶಿಕ ರಕ್ತರೋಗವನ್ನು ತಡೆಯಲು ಮದುವೆಗೆ ಮುನ್ನ ತಪಾಸಣಾ ಪತ್ರ ಬೇಕೆಂದು ಚರ್ಚು ವಿಧಿಸಿದರೂ ವಾಹಕ ಜೋಡಿಗಳಲ್ಲಿ ಬಹುತೇಕರು ಮದುವೆಯಾಗಿಯೇ ತೀರಿದರು. ಅಲ್ಲಿ ರೋಗಪೀಡಿತ ಶಿಶುಗಳ ಜನನ ತಗ್ಗಿದ್ದು ಮುಖ್ಯವಾಗಿ ಗರ್ಭಸ್ಥ ಪರೀಕ್ಷೆ ಕೈಗೆಟುಕಿದ್ದರಿಂದ.

ಭಾರತದ ಕಾನೂನು ಇದಕ್ಕೆ ಅಡ್ಡಿಯಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ಹಿಮೋಗ್ಲೋಬಿನ್ ದೋಷಗಳ ಗರ್ಭಸ್ಥ ಪರೀಕ್ಷೆಗೆ ಅನುಮತಿ ನೀಡುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯು 20 ವಾರದವರೆಗೆ ಒಬ್ಬ ವೈದ್ಯರ, ಗಂಭೀರ ಭ್ರೂಣದೋಷವೂ ಸೇರಿದಂತೆ ನಿರ್ದಿಷ್ಟ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಕೊರತೆಯಿರುವುದು ಸಮಯದ್ದು. ಮಾಸುವಿನ ತುಣುಕು ತೆಗೆದು ನೋಡುವ ಪರೀಕ್ಷೆಗೆ ತಕ್ಕ ಕಾಲ 11ರಿಂದ 14ನೇ ವಾರ, ಗರ್ಭಜಲ ಪರೀಕ್ಷೆ 15ನೇ ವಾರದ ನಂತರ. ಸಂಜೆಯ ಬಳಿಕ ಕಾಡಿನ ರಸ್ತೆಯ ಗೇಟು ಮುಚ್ಚುವ ಡಿ.ಬಿ. ಕುಪ್ಪೆಯ ಕಡೆಯ ಗರ್ಭಿಣಿಗೆ ಗಂಡನ ರಕ್ತಪರೀಕ್ಷೆ, ಅದರ ಖಚಿತ ವರದಿ, ಆಪ್ತಸಲಹೆ ಎಂದು ಒಂದೊಂದಕ್ಕೂ ಬೇರೆ ಬೇರೆ ದಿನ ಓಡಾಡಿಸಿದರೆ ಆ ವಾರಗಳು ದಾರಿಯಲ್ಲೇ ಸವೆಯುತ್ತವೆ.

ಸಣ್ಣ ಸಮುದಾಯಗಳಿಗೆ ಗರ್ಭಪಾತದ ದಾರಿ ತೋರಿಸುವುದು ಅವುಗಳ ಸಂತತಿಯನ್ನೇ ಕುಗ್ಗಿಸುವ ಹುನ್ನಾರವೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ನಾಗರಹೊಳೆಯಿಂದ ಒಕ್ಕಲೆಬ್ಬಿಸಿಕೊಂಡವರು ಸರ್ಕಾರವನ್ನು ಶಂಕಿಸಲು ಕಾರಣಗಳಿವೆ. ಆದರೆ ಅದಕ್ಕೆ ಉತ್ತರ ಪರೀಕ್ಷೆಯನ್ನು ದೂರವಿಡುವುದಲ್ಲ, ಒತ್ತಾಯವನ್ನು ದೂರವಿಡುವುದು. ಹೈಡ್ರಾಕ್ಸಿಯೂರಿಯಾ ಮಾತ್ರೆ, ನ್ಯುಮೋಕಾಕಲ್ ಲಸಿಕೆ ಮತ್ತು ನಿಯಮಿತ ಆರೈಕೆಯಿಂದ ರೋಗದ ಉಪಟಳ ಬಹುಮಟ್ಟಿಗೆ ತಗ್ಗುತ್ತದೆಂಬುದನ್ನೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗ ಸೇರಿದೆಯೆಂಬುದನ್ನೂ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಗರ್ಭಪಾತಕ್ಕೆ ಕಾನೂನು ಕೇಳುವುದು ವಯಸ್ಕ ಮಹಿಳೆಯ ಸಮ್ಮತಿಯನ್ನು ಮಾತ್ರ, ಗಂಡನದ್ದನ್ನಾಗಲಿ ಅಧಿಕಾರಿಯದ್ದನ್ನಾಗಲಿ ಅಲ್ಲ.

ಆದ್ದರಿಂದ ಬಸಿರು ನೋಂದಾಯಿಸಿದ ದಿನವೇ ದಂಪತಿಗಳಿಬ್ಬರ ರಕ್ತ ಪರೀಕ್ಷೆಯಾಗಬೇಕು. ಇಬ್ಬರೂ ವಾಹಕರೆಂದು ತಿಳಿದರೆ ಮೈಸೂರಿನಲ್ಲಿ ಗರ್ಭಸ್ಥ ಪರೀಕ್ಷೆ, ವಾಹನ, ತಂಗುವ ವ್ಯವಸ್ಥೆ, ಕಳೆದುಹೋದ ಕೂಲಿ ಎಲ್ಲವನ್ನೂ ಸರ್ಕಾರವೇ ಭರಿಸಬೇಕು. ಮಗುವನ್ನು ಉಳಿಸಿಕೊಳ್ಳುವ ತಾಯಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಔಷಧ ಸಿಗಬೇಕು. ಇಷ್ಟನ್ನು ಮಾಡದೆ ನಿರ್ಮೂಲನೆಯ ಮಾತಾಡುವ ಅಭಿಯಾನ, ರೋಗದ ಹೊರೆಯನ್ನು ಬಡ ಹೆಂಗಸಿನ ತಲೆಗೆ ಕಟ್ಟಿ ಕೈತೊಳೆದುಕೊಂಡಂತೆಯೇ ಸರಿ.