ಎರಡು ಸಾವಿರ ಸುತ್ತಿನೊಳಗೆ

"ಪವರ್ ಜಾಸ್ತಿ ಇದ್ರೆ ಯಾರಿಗೆ ಎಂತ ನಷ್ಟ?" ಈ ಪ್ರಶ್ನೆ ಈಚೆಗೆ ಶಿರಸಿ-ಸಿದ್ದಾಪುರದ ಗ್ಯಾರೇಜುಗಳ ಮುಂದೆ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಕೇಳುವವರು ಹೆಚ್ಚಾಗಿ ಹುಡುಗರು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಗುಡುಗುಡು ಎಂದು ನಿಂತಲ್ಲೇ ಅಲುಗಾಡುವ ಅಮೆರಿಕದ ಪಿಕಪ್ಪು. ಅದನ್ನು ನೋಡಿದವನು ಮನೆಯ ಅಂಗಳದಲ್ಲಿ ನಿಂತ ತನ್ನ ಗಾಡಿಯನ್ನು ನೋಡುತ್ತಾನೆ. "ಕ್ಯಾಮ್ ಬದಲಾಯ್ಸಿದ್ರೆ ಸಾಕು ಮಾರಾಯ, ಗಾಡಿ ಹಾರ್ಕಂಡ್ ಹೋಗ್ತು" ಎಂದು ಪಕ್ಕದವನು ಕಿಚ್ಚು ಹಚ್ಚುತ್ತಾನೆ.

ನಷ್ಟ ಇದೆ. ದಿನಾ ಓಡುವ ಗಾಡಿಗೆ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿಸುವವನು ತಾನು ಎಂದೋ ಒಮ್ಮೆ ಮುಟ್ಟುವ ವೇಗಕ್ಕಾಗಿ ದಿನಾ ಬಳಸುವ ಬಲವನ್ನು ಮಾರಿಕೊಳ್ಳುತ್ತಾನೆ. ಯಂತ್ರವಿರಲಿ, ಮನುಷ್ಯನಿರಲಿ, ಅದರ ಯೋಗ್ಯತೆಯನ್ನು ಅತ್ಯುನ್ನತ ಕ್ಷಣದಿಂದ ಅಳೆಯುವುದು ಈ ಕಾಲದ ಚಟ. ನನ್ನ ಜಗಳ ನಿಜವಾಗಿ ಇರುವುದು ಅದರ ಜೊತೆ. ಕ್ಯಾಮ್‌ಶಾಫ್ಟು ಕೈಗೆ ಸಿಕ್ಕ ಉದಾಹರಣೆ, ಆದರೆ ಒಳ್ಳೆಯ ಉದಾಹರಣೆ.

ಕ್ಯಾಮ್‌ಶಾಫ್ಟ್ ಎಂದರೆ ಉದ್ದಕ್ಕೂ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಉಕ್ಕಿನ ದಂಡ. ಕ್ರ್ಯಾಂಕು ಎರಡು ಸುತ್ತು ಹಾಕಿದರೆ ಇದು ಒಂದು ಸುತ್ತು. ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಒತ್ತಿ ತೆರೆಯುತ್ತದೆ. ಗಾಳಿ ಒಳಗೆ ಬರುವ ವಾಲ್ವು, ಹೊಗೆ ಹೊರಗೆ ಹೋಗುವ ವಾಲ್ವು ಯಾವಾಗ ತೆರೆಯಬೇಕು, ಎಷ್ಟು ಎತ್ತರ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಮೂರೂ ತೀರ್ಮಾನ ಆ ಉಬ್ಬಿನ ಆಕಾರದಲ್ಲೇ ಕೊರೆದಿರುತ್ತದೆ. ವೇಗದ ಎಂಜಿನ್ನಿಗೆ ಬೇಕಾದ ಕ್ಯಾಮು ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಪಿಸ್ಟನ್ನು ಕೆಳಗೆ ಹೋಗಿ ಮತ್ತೆ ಮೇಲೇರಲು ಶುರುಮಾಡಿದ ಮೇಲೂ ಗಾಳಿಯ ಬಾಗಿಲು ಇನ್ನೂ ಮುಚ್ಚಿರುವುದಿಲ್ಲ. ನಿಮಿಷಕ್ಕೆ ಐದಾರು ಸಾವಿರ ಸುತ್ತಿನಲ್ಲಿ ಇದರಿಂದ ಲಾಭ: ಒಳನುಗ್ಗುತ್ತಿರುವ ಗಾಳಿಗೆ ತನ್ನದೇ ಓಟದ ಜೋರು ಇರುತ್ತದೆ, ಪಿಸ್ಟನ್ನು ಎದುರು ಬಂದರೂ ಅದು ತುಂಬಿಕೊಳ್ಳುತ್ತಲೇ ಇರುತ್ತದೆ. ಸಾವಿರದೈನೂರು ಸುತ್ತಿನಲ್ಲಿ ಗಾಳಿಗೆ ಆ ಜೋರಿಲ್ಲ. ಬಂದ ಗಾಳಿಯನ್ನು ಪಿಸ್ಟನ್ನು ಬಂದ ದಾರಿಯಲ್ಲೇ ವಾಪಸು ನೂಕುತ್ತದೆ. ಮೇಲಾಗಿ ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಆ ಸಣ್ಣ ಅವಧಿ ದೊಡ್ಡದಾಗುತ್ತದೆ, ಸುಟ್ಟ ಹೊಗೆ ಹೊಸ ಗಾಳಿಯ ದಾರಿಗೆ ನುಗ್ಗುತ್ತದೆ. ವಿಡಿಯೊದಲ್ಲಿ ನಮ್ಮ ಹುಡುಗನ ಎದೆ ನಡುಗಿಸುವ ಆ ಗುಡುಗುಡು ಸದ್ದು ಹುಟ್ಟುವುದು ಇಲ್ಲೇ. ನಿಧಾನದಲ್ಲಿ ಸರಿಯಾಗಿ ಉರಿಯಲಾಗದ ಎಂಜಿನ್ನಿನ ಏದುಸಿರು ಅದು. ಅದನ್ನೇ ನಾವು ಶೌರ್ಯವೆಂದು ತಿಳಿಯುತ್ತೇವೆ.

ಈಗ ಸಿದ್ದಾಪುರ ಕಡೆಯ ಹೆಗ್ಗರಣೆ ಎಂಬ ಊರಿನ ಒಂದು ಪಿಕಪ್ಪಿನ ದಿನಚರಿ ನೋಡಿ. ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ತೋಟಕ್ಕೆ ಗೊಬ್ಬರ, ಬೆಟ್ಟದಿಂದ ಸೊಪ್ಪು, ಬೇಸಿಗೆಯಾದರೆ ದರಕು. ಕೊಯ್ಲಿನ ಕಾಲದಲ್ಲಿ ತೋಟದ ತಗ್ಗಿನಿಂದ ಅಡಿಕೆ ಗೊನೆ ಹೊತ್ತು ಮೇಲೇರಬೇಕು. ಸುಲಿಯುವುದು, ಒಣಗಿಸುವುದು ಮುಗಿದ ಮೇಲೆ ರಾಶಿ, ಚಾಲಿ, ಕೆಂಪುಗೋಟು ಎಂದು ಬೇರೆಬೇರೆ ಚೀಲಗಳಾಗಿ ಸಿದ್ದಾಪುರಕ್ಕೋ, ಶಿರಸಿಗೋ, 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯ ಅಂಗಳಕ್ಕೋ ಹೋಗಬೇಕು. ವರ್ಷಕ್ಕೆ ಕೆಲವು ಸಲ ದೇವಿಮನೆ ಘಟ್ಟವನ್ನೋ ದೊಡ್ಮನೆ ಘಟ್ಟವನ್ನೋ ಇಳಿದು ಕುಮಟೆಗೆ. ಈ ಇಡೀ ಬದುಕಿನಲ್ಲಿ ಎಂಜಿನ್ನು ಎರಡು ಸಾವಿರ ಸುತ್ತು ದಾಟುವ ಪ್ರಸಂಗ ಎಷ್ಟು? ಮಳೆಗಾಲದಲ್ಲಿ ಕೆಂಪು ಜೇಡಿಮಣ್ಣಿನ ಚಡಾವಿನಲ್ಲಿ, ಹಿಂದಿನ ಚಕ್ರ ಇನ್ನೇನು ಜಾರಬೇಕು ಎನ್ನುವಾಗ, ಚಾಲಕನಿಗೆ ಬೇಕಾದದ್ದು ಕಾಲು ಒತ್ತಿದಷ್ಟೇ ಬರುವ, ಸದ್ದಿಲ್ಲದ, ನಂಬಬಹುದಾದ ಬಲ. ದೊಡ್ಡ ಕ್ಯಾಮಿನ ಎಂಜಿನ್ನು ಆ ಹೊತ್ತಿನಲ್ಲಿ ಸತ್ತಂತೆ ಬಿದ್ದಿದ್ದು, ಸುತ್ತು ಏರುತ್ತಲೇ ಥಟ್ಟನೆ ಎಚ್ಚರವಾಗುತ್ತದೆ. ಹಿಂದೆ ಖಾಲಿ ಟ್ರೇ ಇದ್ದರೆ ಚಕ್ರ ಗಿರ್ರನೆ ತಿರುಗಿ ಗಾಡಿ ಗಟಾರಕ್ಕೆ. ಉಂಚಳ್ಳಿ ಜಲಪಾತಕ್ಕೆಂದು ಬಂದ ಭಾರಿ ಅಶ್ವಶಕ್ತಿಯ ಪೇಟೆ ಗಾಡಿಗಳೂ ಇಂಥ ಕೆಸರಿನಲ್ಲಿ ಹೂತು, ಊರಿನ ಬಡ ಜೀಪಿಗೆ ಹಗ್ಗ ಕಟ್ಟಿಸಿಕೊಳ್ಳುತ್ತವೆ. (ಅಂದಹಾಗೆ, 116 ಮೀಟರ್ ಎತ್ತರದಿಂದ ಬೀಳುವ ಆ ನೀರಿನ ಆರ್ಭಟಕ್ಕೇ ಅದಕ್ಕೆ ಕೆಪ್ಪ ಜೋಗ ಎಂಬ ಹೆಸರು. ಅದೊಂದು ಸಾಕು, ಊರೊಳಗೂ ಕಿವಿ ಕೆಪ್ಪಾಗಿಸುವ ಸೈಲೆನ್ಸರು ಬೇಡ.)

ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಬೊಲೆರೊ ಪಿಕಪ್ಪಿನ ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನಿನ ಅಂಕಿಗಳನ್ನು ಒಮ್ಮೆ ಓದಬೇಕು. ಅದರ ಗರಿಷ್ಠ ಅಶ್ವಶಕ್ತಿ, ಅಂದರೆ 70ರ ಆಸುಪಾಸಿನದು, ಸಿಗುವುದು 3,200 ಸುತ್ತಿನಲ್ಲಿ. ಸುಮಾರು 200 ನ್ಯೂಟನ್ ಮೀಟರಿನ ಗರಿಷ್ಠ ಟಾರ್ಕು ಮಾತ್ರ 1,400ರಿಂದ 2,200 ಸುತ್ತಿನ ನಡುವೆ. ಮೊದಲನೆಯದು ಜಾಹೀರಾತಿಗೆ, ಎರಡನೆಯದು ಚಡಾವಿಗೆ. 1,500 ಸುತ್ತಿನಲ್ಲಿ ಆ ಟಾರ್ಕಿನಿಂದ ಹೊರಡುವುದು ಸುಮಾರು 42 ಅಶ್ವಶಕ್ತಿ ಅಷ್ಟೆ. ಅಡಿಕೆ ಚೀಲ ಹೊತ್ತು ಏರು ಹತ್ತುವುದು ಈ 42, ಆ 70 ಅಲ್ಲ. ಎಂಜಿನ್ನು ರೂಪಿಸಿದವರಿಗೆ ಹೆಗ್ಗರಣೆಯ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಹೊರೆ ಹೊರುವ ಗಾಡಿ ಎಲ್ಲಿ ಬದುಕುತ್ತದೆ ಎಂಬುದು ಗೊತ್ತಿತ್ತು.

ಡೀಸೆಲ್ಲಿನಲ್ಲಿ ಕ್ಯಾಮಿನ ಆಸೆ ಇನ್ನೂ ಬರಿದು. ಗಾಳಿಯನ್ನು ಹದಿನೆಂಟು ಪಟ್ಟಿನ ಆಸುಪಾಸು ಹಿಂಡಿ, ಆ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳಬೇಕು. ಹಾಗಾಗಿ ಪಿಸ್ಟನ್ನು ಮೇಲೆ ಬಂದಾಗ ಹೆಡ್ಡಿಗೆ ಬಹುತೇಕ ತಾಗಿಯೇ ನಿಲ್ಲುತ್ತದೆ. ಅಲ್ಲಿ ವಾಲ್ವು ಹೆಚ್ಚು ಹೊತ್ತು ಇಳಿದು ನಿಲ್ಲಲು ಜಾಗವೇ ಇಲ್ಲ, ನಿಂತರೆ ಪೆಟ್ಟು. ಗಾಳಿಯ ವಾಲ್ವು ತಡವಾಗಿ ಮುಚ್ಚಿದರೆ ಹಿಂಡುವಿಕೆ ಕಡಿಮೆಯಾಗಿ ಚಳಿಗಾಲದ ಮುಂಜಾನೆ ಗಾಡಿ ಸ್ಟಾರ್ಟಾಗಲು ತಕರಾರು ಮಾಡುತ್ತದೆ. ಅದಕ್ಕೇ ನಮ್ಮ ಡೀಸೆಲ್ ಹುಡುಗರು ಕ್ಯಾಮು ಬಿಟ್ಟು ಕಂಪ್ಯೂಟರಿಗೆ ಕೈಹಾಕುತ್ತಾರೆ: ರೀಮ್ಯಾಪು, ಟ್ಯೂನಿಂಗ್ ಬಾಕ್ಸು. ಎಣ್ಣೆ ಹೆಚ್ಚು, ಟರ್ಬೊ ಒತ್ತಡ ಹೆಚ್ಚು, ಕಪ್ಪು ಹೊಗೆ ಇನ್ನೂ ಹೆಚ್ಚು. ಇದರಿಂದ ಕೆಳಗಿನ ಸುತ್ತಿನಲ್ಲೂ ಬಲ ಸಿಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಹಳೆಯವೇ ತಾನೆ? ಹೊಸ ಬಲದ ಬಿಲ್ಲನ್ನು ಕೊನೆಗೆ ಅವು ಕಳಿಸುತ್ತವೆ.

ಇದಕ್ಕೆ ಎದುರಾಗಿ ನಾನು ಗೌರವಿಸುವ ವಾದ ಒಂದಿದೆ. ಕಂಪನಿಯ ಎಂಜಿನ್ನು ಯಾರಿಗೂ ಪೂರ್ತಿ ಹೊಂದದ ರೆಡಿಮೇಡ್ ಅಂಗಿ. ರಾಜಸ್ಥಾನದ ಬಿಸಿಲು, ಕಾಶ್ಮೀರದ ಹಿಮ, ಬೆಂಗಳೂರಿನ ಟ್ರಾಫಿಕ್ಕು, ಹೊಗೆಯ ಕಾನೂನು, ತಯಾರಿಕೆಯ ಖರ್ಚು ಎಲ್ಲವನ್ನೂ ಸರಾಸರಿ ಮಾಡಿ ಹೊಲಿದದ್ದು. ತನ್ನ ನೆಲ, ತನ್ನ ಹೊರೆ ಗೊತ್ತಿರುವ ರೈತ ಅದನ್ನು ತನ್ನ ಅಳತೆಗೆ ತಿದ್ದಿಕೊಳ್ಳಬಾರದೇಕೆ? ಮಲೆನಾಡಿನ ಮೆಕ್ಯಾನಿಕರು ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನು ಕೂರಿಸಿದ್ದು, ಟ್ರೇಗೆ ಹಲಗೆ ಏರಿಸಿದ್ದು, ಸ್ಪ್ರಿಂಗಿಗೆ ಪ್ಲೇಟು ಜೋಡಿಸಿದ್ದು ಎಲ್ಲ ಈ ತಿದ್ದುಪಡಿಯೇ ಅಲ್ಲವೇ? ಹೌದು, ಈ ವಾದ ಸರಿ. ಆದರೆ ಇದನ್ನು ಪ್ರಾಮಾಣಿಕವಾಗಿ ಕೊನೆಯವರೆಗೆ ಎಳೆದರೆ ಅದು ಹುಡುಗರು ಬಯಸುವ ದಿಕ್ಕಿಗೆ ಹೋಗುವುದಿಲ್ಲ. ಹೆಗ್ಗರಣೆಯ ಅಳತೆಗೆ ಹೊಲಿದರೆ ಸಿಗುವುದು ಚಿಕ್ಕ ಕ್ಯಾಮು: ಗಾಳಿಯ ವಾಲ್ವು ಬೇಗ ಮುಚ್ಚುವ, ಕೆಳಗಿನ ಸುತ್ತಿನಲ್ಲೇ ಸಿಲಿಂಡರು ತುಂಬುವ ಕ್ಯಾಮು. ಅಂಥವನ್ನು ಮಾಡುವವರೂ ಇದ್ದಾರೆ. ಆದರೆ ಚಿಕ್ಕ ಕ್ಯಾಮು ಹಾಕಿಸಿದೆ ಎಂದು ಹೇಳಿಕೊಂಡು ಪೇಟೆಯಲ್ಲಿ ಮೀಸೆ ತಿರುವಲಾಗುವುದಿಲ್ಲ.

ಅಮೆರಿಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂಬ ವಾದಕ್ಕೆ ಅಮೆರಿಕದ ಕಂಪನಿಯೇ ಉತ್ತರ ಕೊಟ್ಟಿದೆ. ಜನರಲ್ ಮೋಟರ್ಸ್ 1999ರ ಹೊತ್ತಿಗೆ ತನ್ನ ಸಿಲ್ವರಾಡೊ ಪಿಕಪ್ಪಿಗೆ ಹಾಕಿದ 5.3 ಲೀಟರಿನ ವಿ8 ಎಂಜಿನ್ನಿನ ಕ್ಯಾಮು ವಾಲ್ವನ್ನು ತೆರೆದಿಡುವುದು ಕ್ರ್ಯಾಂಕಿನ ಸುತ್ತಿನ ಲೆಕ್ಕದಲ್ಲಿ ಸುಮಾರು 190 ಡಿಗ್ರಿ. ಅದೇ ಮನೆತನದ ಎಂಜಿನ್ನು ಕಾರ್ವೆಟ್ ಜೆಡ್06 ಕಾರಿಗೆ ಹೋದಾಗ, 2002ರಿಂದ, ಆ ಅಂಕಿ ಗಾಳಿಯ ಕಡೆ 204, ಹೊಗೆಯ ಕಡೆ 218. ಒಂದೇ ಕಂಪನಿ ಓಟದ ಕಾರಿಗೂ ಹೊರೆಯ ಗಾಡಿಗೂ ಬೇರೆ ಉಬ್ಬು ಕೊರೆಯಿತು. ವಿಡಿಯೊ ಮಾಡುವವನು ಪಿಕಪ್ಪಿಗೆ ಇದಕ್ಕೂ ದೊಡ್ಡದು ಹಾಕುವುದು ಅವನ ಚಪಲ. ಅವನ ಮನೆಯ ಮುಂದೆ ನಾಲ್ಕು ಪಥದ ರಸ್ತೆಯಿದೆ.

ಇಲ್ಲಿ ಹಳೆಯ ಜೀಪಿನ ಮಾತು ಆಡದೆ ಮುಂದೆ ಹೋಗಲಾರೆ. ಮಹೀಂದ್ರ ದಶಕಗಳ ಕಾಲ ಮಾಡಿದ, ಎತ್ತರದ ಮೂತಿಯ ಸಿಜೆ3ಬಿ ಜೀಪನ್ನು ಮಲೆನಾಡಿನವರು ಮರೆತಿರಲಿಕ್ಕಿಲ್ಲ. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನು 2,199 ಸಿಸಿ. ಗಾಳಿಯ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆಯ ವಾಲ್ವು ಕೆಳಗೆ ಬ್ಲಾಕಿನ ಪಕ್ಕದಲ್ಲಿ, ವಿಚಿತ್ರ ಕಟ್ಟೋಣ. 4,000 ಸುತ್ತಿಗೆ 75ರ ಒಳಗಿನ ಅಶ್ವಶಕ್ತಿ; ಆದರೆ ಟಾರ್ಕಿನ ತುದಿ 2,000 ಸುತ್ತಿನಲ್ಲೇ, ಸುಮಾರು 155 ನ್ಯೂಟನ್ ಮೀಟರು. ಅದರ ಒಂದನೇ ಗೇರು 2.8, ಲೋ ಗೇರಿನ ಕಡಿತ 2.46, ಆಕ್ಸಲ್ಲು 5.38. ಗುಣಿಸಿದರೆ ಎಂಜಿನ್ನು 37 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು. ಸಾವಿರ ಸುತ್ತಿನಲ್ಲಿ ಗಂಟೆಗೆ ಮೂರೂವರೆ ಕಿಲೋಮೀಟರಿನ ಆಸುಪಾಸು, ಅಂದರೆ ಹೊರೆ ಹೊತ್ತವನ ನಡಿಗೆ. ಹಾಗೆ ನಡೆಯುತ್ತಲೇ ಅದು ಎತ್ತಿನ ಗಾಡಿಯೂ ಹೆದರುವ ದಾರಿಯನ್ನು ಏರಿತು. ಆಮೇಲೆ ಬಂದ ಮಾರುತಿ ಜಿಪ್ಸಿಯ ಹದಿನಾರು ವಾಲ್ವಿನ 1.3 ಲೀಟರ್ ಎಂಜಿನ್ನು ಕಾಗದದ ಮೇಲೆ ಜಾಣ: 80 ಅಶ್ವಶಕ್ತಿ, ಆದರೆ 6,000 ಸುತ್ತಿನಲ್ಲಿ, ಟಾರ್ಕು 103ರ ಸುಮಾರು, ಅದೂ 4,500ರಲ್ಲಿ. ಗಾಡಿ ಹಗುರ, ರಸ್ತೆಯಲ್ಲಿ ಚುರುಕು. ಹೊರೆ ಬಿದ್ದ ಚಡಾವಿನಲ್ಲಿ ಮಾತ್ರ ಎಂಜಿನ್ನನ್ನು ಕಿರುಚಿಸಬೇಕು. ಇಂಥ ಎಂಜಿನ್ನಿಗೆ ಇನ್ನೂ ದೊಡ್ಡ ಕ್ಯಾಮು ಹಾಕಿ ಟಾರ್ಕನ್ನು ಮತ್ತಷ್ಟು ಮೇಲಕ್ಕೆ ಅಟ್ಟುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ರ‍್ಯಾಲಿಗಾದರೆ ಸರಿ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ರ‍್ಯಾಲಿ ಓಡಿಸುವವನು ಶುರುವಿನಿಂದ ಕೊನೆಯವರೆಗೆ ಎಂಜಿನ್ನನ್ನು ಕೆಳಗಿಳಿಯಲು ಬಿಡುವುದಿಲ್ಲ, ಸಂಜೆಗೆ ಬಿಚ್ಚಿ ನೋಡಲು ಮೆಕ್ಯಾನಿಕರ ತಂಡವಿರುತ್ತದೆ. ಅವನ ಎಂಜಿನ್ನು ಬದುಕುವುದೇ ಮೇಲೆ. ನಮ್ಮದು ಕೆಳಗೆ. ಯಕ್ಷಗಾನದಲ್ಲಿ ಬೆಳಗಿನವರೆಗೆ ಪದ ಹೇಳಬೇಕಾದ ಭಾಗವತ ಶ್ರುತಿ ಇಟ್ಟುಕೊಳ್ಳುವುದು ತನ್ನ ಗಂಟಲು ಒಮ್ಮೆ ಮುಟ್ಟಿದ ಅತಿ ಎತ್ತರದ ಸ್ವರವನ್ನು ನೋಡಿ ಅಲ್ಲ.

ಎರಡೂ ಬೇಕು ಎನ್ನುವವರಿಗೆ ಎಂಜಿನಿಯರುಗಳು ದಾರಿ ಹುಡುಕಿದ್ದಾರೆ, ನಿಜ. ಹೋಂಡಾ 1989ರಲ್ಲಿ ತಂದ ವಿಟೆಕ್ ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬು ಕೊರೆದು, ಸುತ್ತು ಏರಿದಾಗ ಒಂದರಿಂದ ಇನ್ನೊಂದಕ್ಕೆ ಜಿಗಿಯುವಂತೆ ಮಾಡಿತು. ಒಂದೇ ಉಬ್ಬಿನಲ್ಲಿ ಎರಡೂ ಗುಣ ಸಾಧ್ಯವಿದ್ದಿದ್ದರೆ ಅಷ್ಟು ಕಷ್ಟಪಡುವ ಅಗತ್ಯವಿರಲಿಲ್ಲ.

ಇನ್ನೊಂದು ವಾದ ಲೆಕ್ಕಕ್ಕೆ ಸಿಗದ್ದು, ಅದಕ್ಕೇ ಬಲವಾದದ್ದು. ಗಾಡಿ ಬರೀ ಹೊರೆ ಹೊರಲಿಕ್ಕೆ ಇದೆಯೇ? ದಿನವಿಡೀ ದುಡಿದವನು ರಾತ್ರಿ ಹಾರ್ಸಿಕಟ್ಟಾದಿಂದ ಹೆಗ್ಗರಣೆಗೆ ಖಾಲಿ ರಸ್ತೆಯಲ್ಲಿ ಮರಳುವಾಗ ಎಂಜಿನ್ನಿನ ಸದ್ದಿನಲ್ಲಿ ಒಂದಿಷ್ಟು ಸುಖ ಕಂಡರೆ ಯಾರಪ್ಪನ ಗಂಟು ಹೋಯಿತು? ಊರಿನಲ್ಲೇ ಉಳಿದು ತೋಟ ಮಾಡುತ್ತಿರುವ ಹುಡುಗರ ಸಂಖ್ಯೆ ಹೇಗೂ ಕಡಿಮೆ; ಉಳಿದವರಿಗೆ ಪ್ರತಿಯೊಂದರಲ್ಲೂ ಉಪಯೋಗದ ಉಪದೇಶ ಮಾಡುವುದು ಕ್ರೂರತನ. ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸುಖವೂ ಕಾರಣವೇ. ಆದರೆ ಸುಖಕ್ಕಾಗಿ ಮಾಡಿದ್ದನ್ನು ಸುಖಕ್ಕಾಗಿ ಎಂದೇ ಹೇಳಬೇಕು. ಚಡಾವು ಹತ್ತಲಿಕ್ಕೆ ಎಂದು ಅಪ್ಪನ ಹತ್ತಿರ ಸುಳ್ಳು ಹೇಳಿ ಅಡಿಕೆಯ ದುಡ್ಡು ಎತ್ತಬಾರದು.

ಚಡಾವೇ ನಿಜವಾದ ತೊಂದರೆಯಾದರೆ ಮಾಡಬೇಕಾದ ಕೆಲಸ ಬೇರೆ ಇದೆ, ಯಾವುದೂ ರೋಮಾಂಚನದ್ದಲ್ಲ. ಏರ್ ಫಿಲ್ಟರ್ ನೋಡಬೇಕು, ಬೇಸಿಗೆಯ ಧೂಳಿಗೆ ಅದು ಕಟ್ಟಿಕೊಂಡಿರುತ್ತದೆ. ಟರ್ಬೊದ ಹೋಸಿನಲ್ಲಿ ಸೀಳಿದೆಯೇ, ನಾಜಲ್ ಸರಿಯಾಗಿ ಸಿಂಪಡಿಸುತ್ತಿದೆಯೇ, ಟ್ಯಾಪೆಟ್ ಸೆಟ್ಟಿಂಗು ತಪ್ಪಿದೆಯೇ, ಕ್ಲಚ್ಚು ಜಾರುತ್ತಿದೆಯೇ ನೋಡಬೇಕು. ಚಂದಕ್ಕೆಂದು ಹಾಕಿಸಿದ ದೊಡ್ಡ ಟಯರು ಇಡೀ ಗೇರಿಂಗನ್ನೇ ಎತ್ತರಿಸಿ ಗಾಡಿಯನ್ನು ಬಳಲಿಸುತ್ತದೆ. ಅದನ್ನು ತೆಗೆದರೆ ಅರ್ಧ ಕಾಯಿಲೆ ವಾಸಿ. ಕಾನೂನಿನ ಕಡೆಗೂ ಒಂದು ಕಣ್ಣಿರಲಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಹಿಡಿದು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ.

ಇಷ್ಟಾದರೂ ಪೆಟ್ರೋಲ್ ಗಾಡಿಗೆ ಕ್ಯಾಮು ಹಾಕಿಸಿಯೇ ತೀರುತ್ತೇನೆ ಎನ್ನುವವನು ಮಾರುವವನ ಹತ್ತಿರ ಗರಿಷ್ಠ ಅಶ್ವಶಕ್ತಿ ಎಷ್ಟು ಎಂದು ಕೇಳಬಾರದು. ಸಾವಿರದೈನೂರು ಸುತ್ತಿನಲ್ಲಿ ಟಾರ್ಕು ಎಷ್ಟು ಉಳಿಯುತ್ತದೆ ಎಂದು ಕೇಳಬೇಕು. ಐಡಲಿನಲ್ಲಿ ವ್ಯಾಕ್ಯೂಮ್ ಎಷ್ಟು ಎಂದೂ ಕೇಳಬೇಕು, ಯಾಕೆಂದರೆ ಪೆಟ್ರೋಲ್ ಗಾಡಿಯ ಬ್ರೇಕ್ ಬೂಸ್ಟರು ಆ ವ್ಯಾಕ್ಯೂಮನ್ನೇ ನೆಚ್ಚಿಕೊಂಡಿದೆ. ಸಂತೆಯ ದಿನ ಜನರ ನಡುವೆ ತೆವಳುವಾಗ ಪೆಡಲು ಕಲ್ಲಾದೀತು. ಅವನ ಹತ್ತಿರ ಈ ಎರಡು ಅಂಕಿ ಇಲ್ಲದಿದ್ದರೆ ಹಳೆಯ ಕ್ಯಾಮನ್ನೇ ಒರೆಸಿ ಎಣ್ಣೆ ಹಚ್ಚಿ ವಾಪಸು ಕೂರಿಸಿ, ಟ್ಯಾಪೆಟ್ ಹೊಂದಿಸಿ, ಗಾಡಿ ತೆಗೆದುಕೊಂಡು ಹೊರಡುವುದು ಒಳ್ಳೆಯದು.