ಹೆಣ್ಣುಮಕ್ಕಳ ಓಟ ಏಳನೇ ತರಗತಿಗೇ ನಿಲ್ಲದಿರಲಿ

ರಾಜ್ಯೋತ್ಸವ ಬಂತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ಆಟೋಟ ಸ್ಪರ್ಧೆಗಳ ಸಡಗರ. ಪುಟ್ಟ ಹುಡುಗಿಯರು ನಿಂಬೆಹಣ್ಣು-ಚಮಚದ ಓಟ, ಕಪ್ಪೆ ಓಟಗಳಲ್ಲಿ ಮುನ್ನುಗ್ಗುತ್ತಾರೆ. ಹನ್ನೆರಡು-ಹದಿಮೂರು ದಾಟುತ್ತಿದ್ದಂತೆ ಅದೇ ಹುಡುಗಿಯರ ಹೆಸರು ರಂಗೋಲಿ, ಗಾಯನ ಸ್ಪರ್ಧೆಗಳ ಪಟ್ಟಿಗೆ ಸರಿಯುತ್ತದೆ. ಹಾಡು, ರಂಗೋಲಿ ಬೇಡವೆಂದಲ್ಲ. ಆದರೆ ಆ ವಯಸ್ಸಿನಲ್ಲಿ ಮೈದಾನ ಬಿಟ್ಟವರು ಮತ್ತೆ ಅಲ್ಲಿಗೆ ಬರುವುದು ಅಪರೂಪ.

ಇದು ಒಂದೂರಿನ ಕಥೆಯಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 146 ದೇಶಗಳ 2016ರ ಅಂಕಿಅಂಶದಂತೆ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 85, ಹುಡುಗರಲ್ಲಿ ಶೇ. 78 ಮಂದಿಗೆ ಅಷ್ಟೂ ಸಿಗುತ್ತಿರಲಿಲ್ಲ.

ಕನ್ನಡಿಗರಿಗೆ ಮಾದರಿಗಳ ಕೊರತೆಯಿಲ್ಲ. ಓಟದಲ್ಲಿ ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದ ಕೊಡಗಿನ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಹೆಸರಿನದೇ ತೆಲುಗು ಚಿತ್ರ 'ಅಶ್ವಿನಿ' 1991ರಲ್ಲಿ ತೆರೆಗೆ ಬಂತು, ನಾಯಕಿ ಅವರೇ. ಕನ್ನಡದ ಹುಡುಗಿಯ ಓಟವನ್ನು ತೆಲುಗು ನಾಡು ಟಿಕೆಟ್ ಕೊಂಡು ನೋಡಿತು. ಮುಂದೆ ಅವರು ಗೋಣಿಕೊಪ್ಪದಲ್ಲಿ ಕ್ರೀಡೆಗೂ ಒತ್ತು ಕೊಡುವ ಶಾಲೆ ಕಟ್ಟಿದರು. ಸಿಕಂದರಾಬಾದಿನ ಚಹಾ ಮಾರುವವರ ಮಗಳು ನಂದಿನಿ ಅಗಸರ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್‌ನಲ್ಲಿ ಕಂಚು ಗೆದ್ದರು. ಎರಡು ದಿನ, ಏಳು ಸ್ಪರ್ಧೆ. ಕೊನೆಯದು 800 ಮೀಟರ್ ಓಟ.

ಎಲ್ಲರೂ ಪದಕ ತರಬೇಕಿಲ್ಲ. ಹೋದ ವಾರ ಎರಡು ನಿಮಿಷಕ್ಕೇ ಏದುಸಿರು ಬಿಟ್ಟ ಹುಡುಗಿ ಈ ವಾರ ಐದು ನಿಮಿಷ ಓಡಿದರೆ, ಆ ಗೆಲುವು ಯಾರ ಅಂಕಪಟ್ಟಿಯಿಂದಲೂ ಬಂದದ್ದಲ್ಲ. 'ನನ್ನಿಂದ ಆಗುತ್ತದೆ' ಎಂಬ ಮಾತನ್ನು ಅವಳ ಕಾಲುಗಳೇ ಅವಳಿಗೆ ಹೇಳಿಕೊಡುತ್ತವೆ. ಪರೀಕ್ಷೆಯಲ್ಲಿ ಎಡವಿದಾಗ, ನಾಲ್ಕು ಜನರ ಮುಂದೆ ಮಾತಾಡಬೇಕಾದಾಗ ನೆರವಿಗೆ ಬರುವುದು ಈ ಧೈರ್ಯವೇ.

ಹೆತ್ತವರ ಅಂಜಿಕೆಯೂ ಸುಳ್ಳಲ್ಲ. ಬೆಳಗಿನ ಕತ್ತಲಲ್ಲಿ ಮಗಳನ್ನು ಒಂಟಿಯಾಗಿ ಕಳಿಸುವವರು ಯಾರು? ಸಂಘ ಬೇಕಾಗುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಹತ್ತು ಹುಡುಗಿಯರು, ಜೊತೆಗೆ ಇಬ್ಬರು ತಾಯಂದಿರು ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲೋ ನೆಕ್ಲೆಸ್ ರಸ್ತೆಯಲ್ಲೋ ಸೇರಿದರೆ ಸಾಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಅರ್ಧ ಗಂಟೆ. ಓಡುತ್ತಲೇ ಮಾತಾಡಲು ಆಗುವಷ್ಟು ವೇಗ ಸಾಕು. ಬೇಕಾದದ್ದು ಕಾಲಿಗೊಪ್ಪುವ ಬೂಟು, ಕುಡಿಯುವ ನೀರು. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಬೇಕು.

ಬೇಗ ಸುಸ್ತಾಗುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿತ್ತು. ಮುಟ್ಟಿನ ದಿನಗಳಲ್ಲೂ ಓಡಬಾರದೆಂಬ ನಿಯಮವಿಲ್ಲ. ಓಡುವುದೋ ವಿಶ್ರಾಂತಿಯೋ, ಅವಳೇ ನಿರ್ಧರಿಸಲಿ.

ಸಂಘಗಳು ಮುಂದಿನ ರಾಜ್ಯೋತ್ಸವದ ಸ್ಪರ್ಧಾಪಟ್ಟಿಯಲ್ಲಿ ಒಂದು ಸಾಲು ಸೇರಿಸಲಿ: 13ರಿಂದ 18 ವರ್ಷದ ಹುಡುಗಿಯರ ಓಟ. ಆ ಸಾಲು ಖಾಲಿ ಉಳಿಯದಂತೆ ನೋಡಿಕೊಳ್ಳುವ ತಯಾರಿ ಈ ಭಾನುವಾರವೇ ಶುರುವಾಗಲಿ.