ಸೆಖೆಗೆ ಮಂದವಾಗುವ ರಕ್ತ

ಏರ್ ಕಂಡಿಷನರ್ ಕೋಣೆಯ ಶಾಖವನ್ನು ನಾಶ ಮಾಡುವುದಿಲ್ಲ. ಹೊರಕ್ಕೆ ಸಾಗಿಸುತ್ತದೆ, ಅಷ್ಟೆ. ಅದು ಬಳಸಿದ ವಿದ್ಯುತ್ತೂ ಕೊನೆಗೆ ಶಾಖವಾಗಿ ಬೀದಿಗೇ ಬರುತ್ತದೆ. ಇದರ ಜೊತೆಗೆ ವಾಹನಗಳ ಬಿಸಿ, ಕಾಂಕ್ರೀಟು ಹೀರಿಟ್ಟುಕೊಂಡ ಬಿಸಿಲು ಸೇರಿದರೆ ಪೇಟೆ ರಾತ್ರಿಯಾದರೂ ಬೇಗ ತಣಿಯದು.

ಈ ಸೆಖೆಗೂ ಕೊಲೆಸ್ಟರಾಲ್‌ಗೂ ಏನು ನಂಟು? ಬ್ರಿಟನ್ನಿನ ಕೀಟಿಂಜ್ ಮತ್ತು ಸಂಗಡಿಗರು 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 41 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಆರು ಗಂಟೆ ಇದ್ದವರ ತೂಕ, ಹೆಚ್ಚಾಗಿ ಬೆವರಿನಿಂದಲೇ, ಸುಮಾರು 1.8 ಕಿಲೋ ಇಳಿಯಿತು. ರಕ್ತದಲ್ಲಿ ಕೊಲೆಸ್ಟರಾಲ್ ಪ್ರಮಾಣ ಶೇ. 14ರಷ್ಟು ಏರಿತು. ರಕ್ತದ ಸ್ನಿಗ್ಧತೆಯೂ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಹೆಚ್ಚಿದವು.

ಇದು ತಿಂದ ಎಣ್ಣೆ-ತುಪ್ಪದ ಫಲವಲ್ಲ. ಕುದಿಯುವ ಸಾರು ಬತ್ತಿದಂತೆ ಉಪ್ಪಾಗುತ್ತದೆ; ಉಪ್ಪು ಹೆಚ್ಚಿಲ್ಲ, ನೀರು ಕಡಿಮೆಯಾಗಿದೆ. ರಕ್ತದ್ದೂ ಬಹುಮಟ್ಟಿಗೆ ಇದೇ ಕಥೆ. ಎಳೆಯ ಹೃದಯ ತಾಳಿಕೊಂಡೀತು. ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ತಿಳಿಯದು.

ಮಕ್ಕಳೇ, ವೈದ್ಯರು ನೀರಿಗೆ ಮಿತಿ ಹೇಳಿರದಿದ್ದರೆ, ಬೇಸಗೆಯಲ್ಲಿ ಅಜ್ಜ-ಅಜ್ಜಿ ಕೇಳುವ ಮೊದಲೇ ನೀರು, ಮಜ್ಜಿಗೆ ಕೊಡಿ. ಪಾಲಕರೇ, ಏಸಿ ಕೂರಿಸುವ ಮುನ್ನ ಅದರ ಬಿಸಿಗಾಳಿ ಯಾರ ಕಿಟಕಿಗೆ ಬೀಸುವುದೆಂದು ಒಮ್ಮೆ ನೋಡಿ.